ಹನ್ನೊಂದನೆಯ ಸಾಲು

ಮೂರನೇ ಮಹಡಿ, ಅದೇ ಮನೆ
ಹದಿನೇಳನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಚ್ಚಿಗೆ,

ಅಕ್ಕನ ಆಶೀರ್ವಾದ. ಹೇಗಿದ್ದೀಯೋ? ಹೊಟ್ಟೆನೋವು ಪೂರ್ತಿ ಬಿಟ್ಟಿತೋ ಇಲ್ಲವೋ? ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಆಮೇಲೆ ಹೊಟ್ಟೆಯನ್ನು ಬೈಯುತ್ತೀಯ. ಮೂವತ್ತು ದಾಟಿದ ಗಂಡಸನ್ನು ಗುಬ್ಬಚ್ಚಿ ಎಂದು ಕರೆಯಬೇಡ ಅಂತ ಹೋದ ಸಲ ನೀನು ಬರೆದಿದ್ದೆ. ಕರೆದೇ ಕರೆಯುತ್ತೇನೆ. ಬೇಡವೆಂದರೆ ಮನೆಗೆ ಬಂದು ಎದುರು ನಿಂತು ಹೇಳು, ಆಗ ಯೋಚಿಸೋಣ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಇದ್ದದ್ದೇ. ಕಿವಿ ಮಾತ್ರ ಎಷ್ಟು ಚುರುಕು ಎಂದರೆ ನಾನು ಅಡುಗೆಮನೆಯಲ್ಲಿ ಗೊಣಗಿದ್ದಕ್ಕೆ ಮುಂದಿನ ಕೋಣೆಯಿಂದ ಉತ್ತರ ಬರುತ್ತದೆ. ಈ ಕಟ್ಟಡಕ್ಕೆ ಇನ್ನೂ ಲಿಫ್ಟ್ ಬಂದಿಲ್ಲ. ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡಿದವನು ತನ್ನ ಮನೆಗೆ ಮಾತ್ರ ಕುಂಟಿಕೊಂಡು ಹತ್ತಬೇಕು ನೋಡು ಎಂದು ಅಪ್ಪ ನಗುತ್ತಿದ್ದರಲ್ಲ, ನಾವು ಈಗಲೂ ಹಾಗೇ ಹತ್ತಿಳಿಯುತ್ತಿದ್ದೇವೆ.

ನನ್ನ ಕೆಲಸ ನಿನಗೆ ಗೊತ್ತು. ಕಣ್ಣು ಕಾಣದವರ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಣ ಮಾಡಿಸುವುದು. ಬೀರುವಿಗಿಂತ ಒಂದಿಷ್ಟು ದೊಡ್ಡ ಕೋಣೆ, ಗೋಡೆಗೆಲ್ಲ ದಪ್ಪ ಬಟ್ಟೆ, ಎದುರಿಗೆ ಗಾಜು. ಗಾಜಿನಾಚೆ ಕೂರುವ ಹುಡುಗನನ್ನು ನಾವು ಕತ್ತರಿ ಎನ್ನುತ್ತೇವೆ. ಕೆಮ್ಮು, ತೊದಲು, ಹಾಳೆ ಮಗುಚಿದ ಸದ್ದು, ಒಂದು ಉಸಿರಿಗಿಂತ ಉದ್ದವಾದ ಮೌನ, ಎಲ್ಲವನ್ನೂ ಕತ್ತರಿಸಿ ಎಸೆಯುವುದು ಅವನ ಕೆಲಸ. ಅವನು ಕತ್ತರಿಸಿದ ಮೇಲೆ ಮೇಷ್ಟ್ರು ಕೇಳುತ್ತಾರೆ. ಹುಟ್ಟಿನಿಂದ ಕಣ್ಣಿಲ್ಲದ ಹಿರಿಯರು. ಅವರು ಸರಿ ಎಂದರೇ ಅದು ಹೊರಗೆ ಹೋಗುವುದು. ಹೋದ ತಿಂಗಳು ಹೊಸ ಕವನ ಸಂಕಲನಗಳ ಒಂದು ಕಟ್ಟು ಬಂತು. ಮೂರನೆಯ ಪುಸ್ತಕದ ಮೇಲೆ ನಿನ್ನ ಹೆಸರು! ಕತ್ತೆ, ಒಂದು ಮಾತು ಹೇಳಬಾರದಿತ್ತೇನೋ? ನಿನ್ನ ಪುಸ್ತಕ ಬಂದದ್ದು ನನಗೆ ಆಫೀಸಿನ ರಟ್ಟಿನ ಡಬ್ಬಿಯಿಂದ ತಿಳಿಯಬೇಕೇ? ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಕತ್ತರಿಯ ಎದುರು ಪುಸ್ತಕ ಎತ್ತಿ ತೋರಿಸಿ, ನನ್ನ ತಮ್ಮನೇ ಬರೆದದ್ದು ಎಂದು ಮೆರೆದೆ.

ಅದರಲ್ಲಿ 'ಮಧ್ಯಾಹ್ನ' ಎಂಬ ಹನ್ನೊಂದು ಸಾಲಿನ ಪದ್ಯವಿದೆಯಲ್ಲ, ಈ ಕಾಗದ ಅದರ ಬಗ್ಗೆ. ಮೊದಲ ಸಲ ಕಣ್ಣಾಡಿಸಿದಾಗ ಇದೇನು ಮಹಾ ಎನಿಸಿತ್ತು. 'ತಂತಿ ಮೇಲೆ ಹಕ್ಕಿ ಸಾಲು / ಒದ್ದೆ ಬಟ್ಟೆ ನೀರು ಸೋರಿ / ಗೋಡೆ ಮೇಲೆ ಬೆಳಕು ಸಾಗಿ'. ಶಾಲೆಯಲ್ಲಿ ಬೆರಳೆಣಿಸಿ ಕಲಿತ ಮೂರು ಮಾತ್ರೆಯ ಗಣ, ಸಾಲಿಗೆ ನಾಲ್ಕು. ಕೊನೆಯ ಸಾಲಿಗೆ ಮಾತ್ರ ಮೂರೇ: 'ಹಿಡಿದ ಉಸಿರು ಒಳಗೆ'. ಅಲ್ಲಿಗೆ ನಿಂತುಹೋಗುತ್ತದೆ. ಅಚ್ಚಿನ ತಪ್ಪೇನೋ ಎಂದುಕೊಂಡೆ. ಆದರೂ ಪ್ರತಿ ಸಾಲಿನ ಕೊನೆಯಲ್ಲಿ ನೀನು ಬಿಟ್ಟಿದ್ದ ಜಾಗಕ್ಕೆ ಮರ್ಯಾದೆ ಕೊಟ್ಟು, ಅಲ್ಲೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿ, ನಿಂತು ನಿಂತು ಓದಿದೆ. ಕತ್ತರಿ ತನ್ನ ಚಾಳಿಯಂತೆ ಆ ಮೌನಗಳನ್ನೆಲ್ಲ ಕತ್ತರಿಸಿ ಮೇಷ್ಟ್ರಿಗೆ ಕಳಿಸಿಬಿಟ್ಟ. ಮೇಷ್ಟ್ರು ಕೇಳಿ, ಹಿತವಾಗಿದೆಯಮ್ಮ, ಬಟ್ಟೆ ಒಣಗಿಸೋ ಮಧ್ಯಾಹ್ನ ಎಂದರು. ನನಗೆ ರೇಗಿತು. ನನ್ನ ತಮ್ಮನ ಪದ್ಯದ ಉಸಿರನ್ನೇ ಕತ್ತರಿಸಿ ಬಿಸಾಕಿದ್ದೀಯ, ಎಲ್ಲಾ ವಾಪಸ್ ಹಾಕು ಎಂದು ಅವನ ಜೊತೆ ಜಗಳ ತೆಗೆದೆ. ಗೊಣಗಿಕೊಂಡೇ ಹಾಕಿದ.

ಮಾರನೆಯ ದಿನ ಮೇಷ್ಟ್ರು ಅದನ್ನು ಮತ್ತೆ ಕೇಳಿದರು. ಮೂರನೆಯ ಸಾಲಿಗೆ ಅವರ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಮುಗಿದ ಮೇಲೆ ಕೈ ಹಾಗೇ ಎತ್ತಿಕೊಂಡು ಕೂತಿದ್ದರು. ಆಮೇಲೆ ಕೇಳಿದರು, ಅವರ ಮಾತಲ್ಲೇ ಹೇಳುತ್ತೇನೆ ಕೇಳು: "ಯಾರಮ್ಮಾ ಇದು? ಕೋಲೂರಿಕೊಂಡು ಮೆಟ್ಟಿಲು ಹತ್ತುತಾ ಇದ್ದಾರಲ್ಲ, ಒಂದು ಕಾಲು ಎಳೀತಾರೆ. ಸಾಲಿನ ಕೊನೇಲಿ ಆ 'ಸ' ಬಂದಾಗೆಲ್ಲ ಚಪ್ಪಲಿ ಉಜ್ಜುತ್ತೆ. ಹನ್ನೊಂದರಲ್ಲಿ ಆ ಕಾಲು ಬರಲೇ ಇಲ್ಲ. ಏನಾಯ್ತು ಅವರಿಗೆ?" ಮೇಷ್ಟ್ರು ಅಪ್ಪನನ್ನು ಕಂಡವರಲ್ಲ, ಕೇಳಿದವರಲ್ಲ. ನಾನು ಯಾವತ್ತೂ ಅವರಿಗೆ ಅಪ್ಪನ ಕಾಲಿನ ವಿಷಯ ಹೇಳಿಲ್ಲ. ಕೋಲು ಟಕ್, ಕಂಬಿಗೆ ಉಂಗುರ ಟಿಣ್, ಬಲಗಾಲು ಧಪ್, ಎಡಗಾಲು ಸರ್. ಮೆಟ್ಟಿಲಿಗೆ ನಾಲ್ಕು ಸದ್ದು. ಚಿಕ್ಕವರಿದ್ದಾಗ ಒಳಗೆ ಕೂತು ನಾವಿಬ್ಬರೂ ಕೊನೆಯ ಸುತ್ತಿನ ಮೆಟ್ಟಿಲು ಎಣಿಸುತ್ತಿದ್ದೆವು, ಹನ್ನೆರಡಕ್ಕೆ ಬಾಗಿಲು ತೆಗೆಯುತ್ತಿದ್ದೆವು. ನಿನ್ನ ಇಡೀ ಪದ್ಯದಲ್ಲಿ ಅಪ್ಪ ಎಂಬ ಮಾತೇ ಇಲ್ಲ. ಕೋಲಿಲ್ಲ, ಮೆಟ್ಟಿಲಿಲ್ಲ. ಕಣ್ಣಿಂದ ಓದಿದಾಗ ಅದು ಹಕ್ಕಿ, ಬಟ್ಟೆ, ಬಿಸಿಲು. ಬಾಯಿಂದ ಓದಿದರೆ ಅಪ್ಪ ಮನೆಗೆ ಬರುತ್ತಿದ್ದಾರೆ.

ಇನ್ನೊಂದು ವಿಷಯ ಹೇಳಿದರೆ ಅಕ್ಕನಿಗೆ ತಲೆ ಕೆಟ್ಟಿದೆ ಎನ್ನುತ್ತೀಯ, ಅಂದುಕೋ. ಧ್ವನಿಮುದ್ರಣದಲ್ಲಿ ಸಾಲು ಸಾಲಿಗೂ ಏನೋ ಉಜ್ಜಿದ ಸದ್ದಿದೆ ಎಂದು ಕತ್ತರಿ ದೂರಿದ. ನೋಡಿದರೆ ಓದುವಾಗ ಮೇಜಿನಡಿ ನನ್ನದೇ ಎಡಗಾಲು ನೆಲದ ಮೇಲೆ ಜಾರುತ್ತಿತ್ತು. ನನಗೇ ಅರಿವಿಲ್ಲದೆ ಅಪ್ಪನ ನಡಿಗೆ ನನ್ನ ಕಾಲಿಗೆ ಹತ್ತಿತ್ತು. ಇಬ್ಬರೂ ನಕ್ಕೆವು. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮತ್ತೆ ಓದಿದೆ. ಹತ್ತು ಸಾಲು ಶುದ್ಧವಾಗಿ ಬಂದವು. ಹನ್ನೊಂದನೆಯದರ ನಂತರ, ನೀನು ಏನನ್ನೂ ಬರೆಯದೆ ಬಿಟ್ಟ ಆ ಖಾಲಿಯಲ್ಲಿ, ಸರ್ ಎಂದಿತು. ಕತ್ತರಿಸು ಎಂದೆ. "ಅಕ್ಕಾ, ಎರಡು ಸಲ ಕತ್ತರಿಸಿದೀನಿ" ಎಂದ. ಅವನು ತಮಾಷೆ ಮಾಡುವ ಪೈಕಿಯಲ್ಲ. ನಾಲ್ಕು ಸಲ ಓದಿದೆ, ಹಗಲು ಹೊತ್ತಿನಲ್ಲಿ, ದೀಪ ಉರಿಯುವ ಕೋಣೆಯಲ್ಲಿ. ನಾಲ್ಕು ಸಲವೂ ಅಲ್ಲಿ ಅದೇ ಸದ್ದು. ಈಗ ಅವನು ಆ ಪದ್ಯದ ಹೆಸರೆತ್ತಿದರೆ ಚಹಾ ಕುಡಿಯಲು ಎದ್ದು ಹೋಗುತ್ತಾನೆ.

ಶನಿವಾರ ಬೇಗ ಮನೆಗೆ ಬಂದೆ. ಅಮ್ಮ ಮಲಗಿದ್ದಳು. ನಿನ್ನ ಪದ್ಯದ ನೋಟ ಎಲ್ಲಿಂದ ಕಾಣುತ್ತದೋ ನೋಡೋಣವೆಂದು ನಾಲ್ಕು ಗಂಟೆಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಎದುರಿನ ಕಿರುಕಿಟಕಿಯಲ್ಲಿ ಮೊದಲು ತಂತಿ ಕಾಣಿಸುತ್ತದೆ, ಅದರ ಕೆಳಗೆ ದರ್ಜಿಯ ಮನೆಯವರು ಬಟ್ಟೆ ಹರವುವ ಹಗ್ಗ, ಆಮೇಲೆ ಗೋಡೆಯ ಮೇಲೆ ಬಿಸಿಲಿನ ಪಟ್ಟಿ. ನಿನ್ನ ಸಾಲುಗಳದ್ದೇ ಕ್ರಮ. ಆ ಬಿಸಿಲು ಬರುವುದು ನಾಲ್ಕರಿಂದ ನಾಲ್ಕೂಕಾಲರವರೆಗೆ, ಅಷ್ಟೇ. ಅಪ್ಪ ಮನೆಗೆ ಬರುತ್ತಿದ್ದ ಹೊತ್ತೂ ಅದೇ. ಅಪ್ಪ ತೀರಿಕೊಂಡ ಆ ದಿನ ಗ್ರಂಥಾಲಯದಲ್ಲಿ ಓದುತ್ತಿದ್ದೆ, ಕತ್ತಲಾಗುವ ಹೊತ್ತಿಗೆ ಬಂದೆ ಎಂದು ನೀನು ಹೇಳಿದ್ದೆ, ನಾವೆಲ್ಲ ನಂಬಿದ್ದೆವು. ಹಿಂದಿನ ದಿನ ಅಪ್ಪ ನಿನ್ನ ನೋಟುಪುಸ್ತಕ ಎತ್ತಿಕೊಂಡು ತಮ್ಮ ಜೊತೆಗಾರರ ಮುಂದೆ ಓದಿ, "ಪದ್ಯ ಅಂದ್ರೆ ಕಿವಿಗೆ ಕೇಳಿಸ್ಬೇಕು ಕಣೋ, ನಿಂದು ಬರೀ ಕಣ್ಣಿಗೆ ಕಾಣಿಸುತ್ತೆ" ಎಂದು ನಕ್ಕಿದ್ದರು. ನೀನು ಉಣ್ಣದೆ ಎದ್ದು ಹೋಗಿದ್ದೆ. ಹಾಗಾದರೆ ಆ ಮಧ್ಯಾಹ್ನ ನೀನು ಇಲ್ಲೇ ಇದ್ದೆ, ಅಮ್ಮನೂ ಇಲ್ಲದ ಮನೆಯಲ್ಲಿ ಒಬ್ಬನೇ. ಚಿಲಕ ಹಾಕಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು, ಹನ್ನೊಂದರವರೆಗೆ ಎಣಿಸಿ, ತೆಗೆಯದೆ ನಿಂತಿದ್ದೆ. ಗಂಟೆ ಕಳೆದ ಮೇಲೆ ಮೆಟ್ಟಿಲಲ್ಲಿ ಅಪ್ಪನನ್ನು ದರ್ಜಿ ಕಂಡು ಕೂಗಿಕೊಂಡದ್ದು, ನಾಲ್ಕು ಜನ ಎತ್ತಿಕೊಂಡು ಇಳಿದದ್ದು, ಎಲ್ಲವೂ ನಿನಗೆ ಕೇಳಿಸಿರಬೇಕು. ಎದೆ ನಿಂತಿತ್ತು ಎಂದು ಡಾಕ್ಟರು ಹೇಳಿದ್ದು ಮಾತ್ರ ನಮ್ಮಿಂದ ಕೇಳಿದೆ. ಹತ್ತು ವರ್ಷದಿಂದ ರಜೆ ಸಿಗುವುದಿಲ್ಲ ಎಂದು ಬರೆಯುತ್ತಿದ್ದೀಯಲ್ಲ, ಯಾವ ರಜೆ ಎಂದು ಈಗ ಗೊತ್ತಾಯಿತು. ನನಗೆ ಮೊದಲು ಕೋಪ ಬಂತು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಭಾನುವಾರ ಮಧ್ಯಾಹ್ನ ಅಮ್ಮ ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಗ ಯಾರದೆಂದು ಹೇಳದೆ ಆ ಪದ್ಯ ಓದಿದೆ. ನಾಲ್ಕನೆಯ ಸಾಲಿಗೆ ಸೂಜಿ ನಿಂತಿತು. ಎಂಟಕ್ಕೆ ಅವಳು ಅಂಗಿಯನ್ನು ಪಕ್ಕಕ್ಕಿಟ್ಟಳು. ಹನ್ನೊಂದು ಮುಗಿದದ್ದೇ ತಡ, ಮಂಡಿ ನೋವು ಎಂದು ಗೋಳಾಡುವವಳು ಒಂದೇ ಏಟಿಗೆ ಎದ್ದು ಹೋಗಿ ಚಿಲಕ ತೆಗೆದು ಬಾಗಿಲು ಹಾರುಹೊಡೆದಳು. "ನಿಂತುಬಿಟ್ರು ಕಣೇ, ಹೋಗಿ ಕೈ ಹಿಡ್ಕೋ" ಎಂದಳು. ಮೆಟ್ಟಿಲು ಖಾಲಿ ಇತ್ತು. ಅವಳು ಮೆಟ್ಟಿಲನ್ನಲ್ಲ, ಅಲ್ಲಿ ಕೂತವರ ಮುಖ ಎಲ್ಲಿರುತ್ತದೋ ಅಷ್ಟೆತ್ತರಕ್ಕೆ ನೋಡುತ್ತಿದ್ದಳು. ಅಂದಿನಿಂದ ಮಧ್ಯಾಹ್ನ ಬಾಗಿಲು ಹಾಕಲು ಬಿಡುತ್ತಿಲ್ಲ. ಗಾಳಿ ಬರಲಿ ಎನ್ನುತ್ತಾಳೆ. ಪದ್ಯ ಯಾರದೆಂದು ಕೇಳಲಿಲ್ಲ, ಆದರೆ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ.

ಪದ್ಯವನ್ನು ಇದ್ದ ಹಾಗೇ ಹೊರಗೆ ಕಳಿಸಲು ಮೇಷ್ಟ್ರು ಒಪ್ಪಿದ್ದಾರೆ, ಆ ಖಾಲಿಯ ಸಮೇತ. ಅದರಲ್ಲಿ ಕೇಳುವುದು ಕೇಳಲಿ. ನೀನು ಒಂದು ಸಲ ಬಾ. ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ, ಕೇಳಲು ನಾನು ಬಿಡುವುದೂ ಇಲ್ಲ. ಮೈಮೇಲೆ ನಿಗಾ ಇರಲಿ, ಖಾಲಿ ಹೊಟ್ಟೆಯಲ್ಲಿ ಚಹಾ ಕುಡಿಯಬೇಡ. ಅಮ್ಮನ ಆಶೀರ್ವಾದಗಳು, ದರ್ಜಿಯ ನೆನಕೆಗಳು.

ಸದಾ ನಿನ್ನನ್ನೇ ನೆನೆಯುವ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಆ ದಿನ ನಾನು ಕೆಲಸ ಮುಗಿಸಿ ಆರಕ್ಕೆ ಬಂದೆ ಎಂದು ಎಲ್ಲರಿಗೂ ಹೇಳಿದ್ದು ಸುಳ್ಳು. ನೀನು ಒಳಗಿದ್ದದ್ದು ಈಗಷ್ಟೇ ಗೊತ್ತಾಯಿತು ಎಂದು ಮೇಲೆ ಬರೆದದ್ದೂ ಸುಳ್ಳೇ. ನಾಲ್ಕಕ್ಕೇ ಬಂದಿದ್ದೆ. ಚಪ್ಪಲಿಯ ಬಾರು ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ, ಅದಕ್ಕೇ ನಿನಗೆ ನನ್ನ ಹೆಜ್ಜೆ ಕೇಳಿಸಿಲ್ಲ. ಅಪ್ಪ ಹನ್ನೊಂದನೆಯ ಮೆಟ್ಟಿಲಲ್ಲಿ ಕೂತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು: "ಒಳಗಿದ್ದಾನೆ ಕಣೇ, ಬಾಗಿಲ ಕೆಳಗೆ ನೆರಳು ಕಾಣ್ತಿದೆ. ಅವನಾಗೇ ತೆಗೀಲಿ, ಅಲ್ಲೀವರೆಗೂ ಇಲ್ಲೇ ಕೂತಿರ್ತೀನಿ. ನೀನು ಕರೀಬೇಡ." ನಗುತ್ತಿದ್ದರು ಕಣೋ. ನಿನ್ನ ಮೇಲೆ ಅವರಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ, ಕಾಯುವುದು ಅವರಿಗೆ ಖುಷಿಯಾಗಿತ್ತು. ಆದರೆ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರಿದ್ದರು, ತುಟಿ ಬಿಳಿಚಿಕೊಂಡಿತ್ತು. ನೀನು ಬಾಗಿಲ ಹಿಂದಿದ್ದೆ, ನಿನಗೆ ಅದು ಕಾಣಲಿಲ್ಲ. ನಾನು ಎರಡು ಮೆಟ್ಟಿಲು ಕೆಳಗೆ ನಿಂತಿದ್ದೆ, ನನಗೆ ಕಂಡಿತ್ತು. ಕಂಡೂ, ಚಪ್ಪಲಿ ಹೊಲಿಸಿಕೊಂಡು ಬರೋಣವೆಂದು ಇಳಿದು ಹೋದೆ.