ಜೋಡಿ ಹೊಲಿಗೆ ಮಿಷನ್ನು

ರೀ,

ಹರಿಹರಕ್ಕೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ, ಸಂಜೆ ಬರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿದೆ. ಸಾರು ಬಿಸಿ ಮಾಡಿಕೊಳ್ಳಿ.

ಹೊಸದಾಗಿ ಕಲಿಯುವವಳು ನಾನು, ಒಂದು ಸಾದಾ ಹೊಲಿಗೆ ಮಿಷನ್ ಸಾಕು ಅಂದಿದ್ದೆ. ನೀವು ಅಂಗಡಿಯಲ್ಲಿ ಅದರ ಬೆನ್ನು ತಟ್ಟಿ, ಎತ್ತಿಗೆ ನೋಡುವಂತೆ ಸುಳಿ ಹುಡುಕಿದಿರಿ. ಕೇಳುವ ರೇಟು ಬೇರೆ ಯಾರಿಗೂ ತಿಳಿಯದಂತೆ ಟವೆಲ್ ಹೊದಿಸಿ ಅಂಗಡಿಯ ಖಲೀಲ್ ಸಾಬರ ಬೆರಳು ಹಿಡಿದಿರಿ. "ಪಾಲಯ್ಯಾರೆ, ಇದು ದನದ ಸಂತೆ ಅಲ್ರಿ, ರೇಟು ಮಿಷನ್ ಮ್ಯಾಲೇ ಬರ್ದೈತೆ" ಎಂದು ಅವರು ಬೇಡಿಕೊಂಡರೂ ಕೈ ಬಿಡಲಿಲ್ಲ. ಕೊನೆಗೆ "ಒಂಟಿ ಎತ್ತು ಯಾರಾದ್ರೂ ಕಟ್ತಾರೇನು?" ಎಂದು ಎರಡು ಮಿಷನ್ ಹೊಡೆದುಕೊಂಡು ಬಂದಿರಿ.

ಅವುಗಳ ಮುಂದಿಟ್ಟ ಹಿಂಡಿ ತೆಗೆಯಿರಿ, ಇರುವೆ ಮುತ್ತಿವೆ. ಹಗ್ಗವನ್ನೂ ಬಿಚ್ಚಿ, ಅವು ಎಲ್ಲಿಗೂ ಓಡುವುದಿಲ್ಲ. ಎರಡು ತೊಟ್ಟು ಮಿಷನ್ ಎಣ್ಣೆ ಮಾತ್ರ ಹಾಕಿ.

ಜೋಡಿಯಲ್ಲಿ ಒಂದು ಸುಮ್ಮನೆ ನಿಂತರೆ ಇನ್ನೊಂದು ಸೊರಗುತ್ತದೆ ಅಂತ ನೀವೇ ಹೇಳಿದಿರಲ್ಲ, ಅದಕ್ಕೇ ಗುಲ್ನಾಜ್ ಟೀಚರ ಹೊಲಿಗೆ ಕ್ಲಾಸಿಗೆ ನಿಮ್ಮ ಹೆಸರನ್ನೂ ಬರೆಸಿದ್ದೇನೆ. ನಾಳೆ ಶುರು. ಎಡಗಡೆಯ ಮಿಷನ್ ನಿಮ್ಮದು.

ಮೊದಲು ಕಲಿಸುವುದು ಲಂಗ. ನನ್ನ ಸೊಂಟದ ಅಳತೆಯನ್ನು ಅಲ್ಲಿ ಎಲ್ಲರೆದುರು ಕೂಗಿ ಕೇಳಬೇಡಿ. ಟವೆಲ್ ಹೊದಿಸಿ, ಬೆರಳು ಹಿಡಿದು ಕೇಳಿ.

ನೀಲಮ್ಮ