ಹುಳದ ಮನೆ ಪಕ್ಕದ ಅಂಬಾಸಿಡರ್

ಸಾತನೂರು

ಮಗಳೇ ಭಾನುಪ್ರಿಯ,

ಅಂಬಾಸಿಡರ್ ರಿಪೇರಿ ಕಲಿಯೋಕೆ ಜರ್ಮನಿಯೋರೇ ನನ್ನ ಹತ್ರ ಬಂದು ಹೋಗವ್ರೆ. ಅಂಥ ಚಿಕ್ಕಪ್ಪನ ಕಾರಿನ ಕೀ ಎತ್ಕೊಂಡು ಉಯ್ಯಂಬಳ್ಳಿ ಅತ್ತೆ ಮನೇಲಿ ಕೂತಿದ್ದೀಯಲ್ಲ, ಏನವ್ವ ಕೊಬ್ಬು ನಿಂಗೆ?

ಹದಿನೆಂಟು ವರ್ಷ ಕೋಳಿ ಮಲಗ್ತಿದ್ದ ಕಾರನ್ನ ಎಬ್ಬಿಸಿ ನಿಲ್ಲಿಸಿದ್ದೀನಿ. ನೀನು ನೋಡಿದ್ರೆ, ನಮ್ಮಿಬ್ಬರ ಪಾಲಿನ ರೇಷ್ಮೆ ಹುಳ ನಾನೇ ಸಾಯಿಸಿದೆ ಅಂತ ಊರೆಲ್ಲ ಸಾರಿದ್ದೀಯ. ನೀನು ಹುಳಕ್ಕೆ ಹಾಕಿದ ಸೊಪ್ಪೇ ಕೆಟ್ಟಿತ್ತು ಅಂತ ನಾನೂ ಸಾರಿದೆ.

ಗೂಡು ಕಟ್ಟೋಕೆ ಎರಡೇ ದಿನ ಇದ್ದಾಗ ಹುಳದ ಮನೆ ಪಕ್ಕ ಕಾರಿಗೆ ಬಣ್ಣ ಹೊಡೆದೋನು ನಾನೇ, ಆಯ್ತಾ? ಕಿಟಕಿ ತೆಗೆದಿಟ್ಟೋನೂ ನಾನೇ. ಹುಳಕ್ಕೆ ಗಾಳಿ ಬೇಡ್ವಾ? ಗಾಳಿ ಜೊತೆ ಬಣ್ಣದ ಘಾಟೂ ಒಳಗೆ ಹೋಯ್ತು.

ನಾಳೆ ಬಸ್ಸಿನ ಕಂಡಕ್ಟರ್ ಕೈಲಿ ಕೀ ಕಳಿಸು. ಕಾರು ಮಾರ್ತೀನಿ. ಊರೋರಿಗೆ ಐದು ಸಾವಿರ ಲಾಸು ಅಂದಿದ್ದೀನಿ. ಹೋಗಿರೋದು ಎಪ್ಪತ್ತೆರಡು ಸಾವಿರ, ಅದರಲ್ಲಿ ಅರ್ಧ ನಿಂದು, ಕಾರಿನ ದುಡ್ಡಲ್ಲಿ ಕೊಡ್ತೀನಿ.

ಕೋಪ ಇನ್ನೂ ಇಳಿಯದ ನಿನ್ನ ಚಿಕ್ಕಪ್ಪ,
ತಿಮ್ಮಯ್ಯ