ನಾಲ್ವರು ಆಂಡ್ರೂ ಟಾರ್ವಿಗಳು

ಕ್ರೇನ್‌ಹೇವನ್,
ನವೆಂಬರ್ 19, 1961

ಬದುಕಿರುವ ಆಂಡ್ರೂಗೆ,

ಕಳೆದ ಮಂಗಳವಾರ ನೀನು ಸತ್ತೆ. ಹ್ಯಾಡಕ್ ಮೀನು ಒಣಗಲು ಹೊಗೆಗೆ ಕಟ್ಟಿ ಬಂದು ಕೈ ತೊಳೆಯುತ್ತಿದ್ದಾಗ ಸುದ್ದಿ ಬಂತು. ದೀಪ ಹಚ್ಚುವ ಹೊತ್ತಿಗೆ ನೀನು ಮತ್ತೆ ಬದುಕಿದೆ. ನಡುವೆ ಏನೇನಾಯಿತು ಎಂದು ನಿನಗೆ ತಿಳಿಸುವವರು ಬೇರೆ ಯಾರೂ ಇಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಆಗಸ್ಟಿನಲ್ಲಿ ನೀನು ಬರೆದ ಕಾಗದಕ್ಕೆ ಉತ್ತರವೂ ಇದರಲ್ಲೇ ಇದೆ. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಮಾಡಿಕೊಂಡರೂ ನನಗೇನೂ ಆಗುವುದಿಲ್ಲ. ಈಚೆಗೆ ನನಗೆ ಯಾವುದರಿಂದಲೂ ಏನೂ ಆಗುತ್ತಿಲ್ಲ.

ಆ ಕಾಗದದಲ್ಲಿ ನೀನು ಎರಡು ವಿಷಯ ಬರೆದಿದ್ದೆ. ನಾನು ಬ್ಯಾನ್ಫ್‌ಗೆ ಹೋಗಿ ವಕೀಲರನ್ನು ಕಂಡು, ಗಂಡ ನನ್ನನ್ನು ಬಿಟ್ಟು ನಾಲ್ಕು ವರ್ಷವಾಯಿತು, ಇಂಗ್ಲೆಂಡಿನ ಫ್ಲೀಟ್‌ವುಡ್‌ನಲ್ಲಿದ್ದಾನೆ ಎಂದು ಹೇಳಿ ವಿಚ್ಛೇದನಕ್ಕೆ ಹಾಕಬೇಕು, ಬಿಟ್ಟುಹೋದವನಿಗೆ ಹಾಕಲು ಬರುವುದಿಲ್ಲವಂತೆ ಎನ್ನುವುದು ಒಂದು. ಅಲ್ಲಿ ನೀನು ಹೆಸರು ಹೇಳಿದರೆ ಅಂಗಡಿಯವನು ಪೆನ್ಸಿಲ್ ಹಿಡಿದು ‘ಹೇಗಪ್ಪಾ ಬರೆಯೋದು ಅದನ್ನ?’ ಎಂದು ಕೇಳುತ್ತಾನೆ, ಇಡೀ ಊರಿಗೆ ನೀನೊಬ್ಬನೇ ಟಾರ್ವಿ, ಅದೊಂದು ಸುಖ ಎನ್ನುವುದು ಇನ್ನೊಂದು. ಮೊದಲನೆಯದಕ್ಕಿಂತ ಎರಡನೆಯದು ನನಗೆ ಹೆಚ್ಚು ನೋವು ಕೊಟ್ಟಿತು. ಆಗ ಇನ್ನೂ ನೋವಾಗುತ್ತಿತ್ತು.

ನೀನು ಹೋದ ಸಂಗತಿ ಇಲ್ಲಿ ಯಾರಿಗೂ ಹೇಳಿಲ್ಲ. ಮಾಲೇಗ್‌ನಲ್ಲಿ ಒಳ್ಳೆಯ ದೋಣಿ ಸಿಕ್ಕಿದೆ, ಬಿಡುವಿಲ್ಲದ ಕೆಲಸ ಎಂದೇ ಹೇಳಿಕೊಂಡು ಬಂದಿದ್ದೇನೆ. ವರ್ಷಕ್ಕೊಮ್ಮೆ ನಿನ್ನನ್ನು ನೋಡಿ ಬರುತ್ತೇನೆಂದು ಚೀಲ ಹಿಡಿದು ಬಸ್ಸು ಹತ್ತಿ, ಇನ್ವರ್ನೆಸ್‌ನಲ್ಲಿ ಬಾಡಿಗೆ ಕೋಣೆಯಲ್ಲಿ ಮಲಗೆದ್ದು ಬರುತ್ತೇನೆ. ಬಂದ ಮೇಲೆ ನಿನ್ನ ಕೆಮ್ಮು ಹೇಗಿದೆ ಎಂದು ಪಕ್ಕದ ಮನೆಯ ಇಸಬೆಲ್ ಕೇಳುತ್ತಾಳೆ. ಪರವಾಗಿಲ್ಲ ಎನ್ನುತ್ತೇನೆ.

ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ ಒಬ್ಬರು ಬಂದಿದ್ದರು, ಪೆನ್ಷನ್ ಆದ ಮೇಷ್ಟ್ರು. ಅವರ ತಾಯಿ ಟಾರ್ವಿಯಂತೆ. ಅಪರೂಪದ ಮನೆತನದ ಹೆಸರು ಎಲ್ಲಿ ಹುಟ್ಟಿತು, ಎಲ್ಲೆಲ್ಲಿಗೆ ಹೋಯಿತು ಎಂದು ಹುಡುಕುವುದೇ ಅವರಿಗೆ ಈಗಿನ ಕೆಲಸ. ಚರ್ಚಿನ ಪಕ್ಕದ ಹಾಲಿನಲ್ಲಿ ಬ್ರಿಟನ್ನಿನ ದೊಡ್ಡ ನಕ್ಷೆ ತೂಗುಹಾಕಿ, ಒಬ್ಬೊಬ್ಬ ಟಾರ್ವಿಗೂ ಒಂದೊಂದು ಗುಂಡುಪಿನ್ನು ಚುಚ್ಚಿದ್ದರು. ನಮ್ಮೂರಿನ ಮೇಲೆ ಜಾಗ ಸಾಲದೆ ಪಿನ್ನುಗಳು ಸಮುದ್ರದೊಳಕ್ಕೂ ಹರಡಿದ್ದವು. ಆಮೇಲೆ ಹೆರಿಂಗ್ ಮೀನಿನ ಹಿಂದೆ ಹೋದವರ ದಾರಿಯುದ್ದಕ್ಕೆ, ಪೂರ್ವ ತೀರ ಹಿಡಿದು ಯಾರ್ಮತ್‌ವರೆಗೆ ಅಲ್ಲೊಂದು ಇಲ್ಲೊಂದು. ಒಳನಾಡಿನಲ್ಲಿ ಒಂದಾದರೂ ಇರಬೇಕಲ್ಲ, ಇಲ್ಲ.

ನಾರ್ವೆಯ ಹಡಗು ಒಡೆದು ಮೂವರು ಅಣ್ಣತಮ್ಮಂದಿರು ಈಜಿಕೊಂಡು ಬಂದದ್ದೇ ನಮ್ಮ ಮೂಲ ಎಂದು ನಾವೆಲ್ಲ ತಿಳಿದಿರಲಿಲ್ಲವೆ? ಅದು ಸುಳ್ಳಂತೆ. ಬೆಟ್ಟದಾಚೆ ಟಾರ್ವಿ ಎನ್ನುವ ಹೆಸರಿನ ಒಂದು ಬಡ ಹೊಲಮನೆ ಇತ್ತಂತೆ. ಜಮೀನಿನ ಒಡೆಯ ಕುರಿ ಬಿಡಬೇಕೆಂದು ಅಲ್ಲಿದ್ದವರನ್ನು ಎಬ್ಬಿಸಿದ. ಒಂದೇ ಒಂದು ಸಂಸಾರ, ದೋಣಿ ಹತ್ತಲೂ ಬಾರದವರು, ಈ ಅಂಚಿಗೆ ಬಂದು ನಿಂತರು. ಆ ಮನೆಯ ಕಲ್ಲು ಕೂಡ ಈಗ ಉಳಿದಿಲ್ಲ. ಮ್ಯಾಗಿ ಅಜ್ಜಿಗೆ ಸಿಟ್ಟು ಬಂತು. “ಕುರಿ ಕಾಯೋರ ಮಕ್ಕಳು ಅಂತೀಯೇನಪ್ಪಾ ನಮ್ಮನ್ನ? ಅದು ನಿಮ್ಮಮ್ಮನ ಕಡೆಯೋರಿರಬೇಕು” ಎಂದಳು. ಪಾಪ, ಮೇಷ್ಟ್ರು ನಕ್ಕು, ದೇಶಕ್ಕೆಲ್ಲ ಇಷ್ಟು ಅಪರೂಪದ ಹೆಸರು ನಿಮ್ಮದು, ಹೆಮ್ಮೆ ಪಡಬೇಕು ಎಂದರು. “ಅಪರೂಪವಾ? ಶಾಲೆ ಬಾಗಿಲಲ್ಲಿ ನಿಂತು ಟಾರ್ವಿ ಅಂತ ಕೂಗಿ ನೋಡು. ಕಸ ಗುಡಿಸೋಳು ಸಮೇತ ಎಲ್ರೂ ಹೊರಗೆ ಬರ್ತಾರೆ” ಎಂದಳು ಅಜ್ಜಿ.

ನಮ್ಮ ಅಡ್ಡಹೆಸರುಗಳನ್ನೂ ಅವರು ಬರೆದುಕೊಂಡರು. ನಿಮ್ಮ ಮುತ್ತಜ್ಜ ನಡುಗಡಲಲ್ಲಿ ಸೀಟಿ ಊದಿ ಬಿರುಗಾಳಿ ಎಬ್ಬಿಸಿದನೆಂದು ನಾಲ್ಕು ತಲೆಮಾರಿನಿಂದ ನೀವು ‘ಸೀಟಿ’ ಮನೆಯವರು. ಇಸಬೆಲ್‌ಳ ಗಂಡನ ಕಡೆಯವರು ‘ಬಿಸ್ಕತ್ತು’, ಇನ್ನೊಂದು ಮನೆಯವರು ‘ಡಾಲರ್’. ಊರಲ್ಲಿ ಆಂಡ್ರೂ ಟಾರ್ವಿಗಳೇ ಎಷ್ಟು ಮಂದಿ ಎಂದು ಕೇಳಿದರು. ನಾಲ್ವರು: ಹಾಸಿಗೆ ಹಿಡಿದಿರುವ ಡಾಲರ್ ಆಂಡ್ರೂ, ಇನ್ನೂ ಶಾಲೆಗೆ ಹೋಗುವ ಅವನ ಮೊಮ್ಮಗ, ಇಸಬೆಲ್‌ಳ ಗಂಡ ಬಿಸ್ಕತ್ತು ಆಂಡ್ರೂ, ಮತ್ತೆ ನೀನು.

ನಕ್ಷೆಯ ಎಡಗಡೆ, ಫ್ಲೀಟ್‌ವುಡ್ ಮೇಲೆ, ಒಂಟಿ ಪಿನ್ನು ಇತ್ತು. ಇದು ಯಾರೆಂದು ಗೊತ್ತೆ ಎಂದು ಮೇಷ್ಟ್ರು ನನ್ನನ್ನೇ ಕೇಳಿದರು. ಗೊತ್ತಿಲ್ಲ, ತಪ್ಪಿರಬೇಕು ಎಂದೆ. ಎಲ್ಲರೂ ಟೀಗೆ ಎದ್ದಾಗ ನಿನ್ನನ್ನು ಕಿತ್ತು ಏಪ್ರನ್ ಜೇಬಿಗೆ ಹಾಕಿಕೊಂಡೆ.

ಇನ್ನು ಮಂಗಳವಾರದ್ದು. ಬಾಗಿಲು ತಟ್ಟಿದವನು ಹೊಸ ಪೊಲೀಸು, ಮೆಕ್ರೇ. ಒಳನಾಡಿನ ಹುಡುಗ, ಬಂದು ತಿಂಗಳೂ ಆಗಿರಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. “ಅಮ್ಮಾ, ನೀವು ಕೂತ್ಕೊಳ್ಳಿ. ಮಾಲೇಗ್‌ನಿಂದ ಫೋನ್ ಬಂದಿತ್ತು. ನಿನ್ನೆ ರಾತ್ರಿ ದೋಣಿಯಿಂದ ಏಣಿ ಹತ್ತೋವಾಗ ಜಾರಿ, ಕಟ್ಟೆಗೂ ದೋಣಿಗೂ ಮಧ್ಯೆ ಬಿದ್ರಂತೆ. ಆಂಡ್ರೂ ಟಾರ್ವಿ, ಕ್ರೇನ್‌ಹೇವನ್, ವಯಸ್ಸು ನಲವತ್ತೊಂದು. ಮಾಲೇಗ್‌ನಲ್ಲಿರೋ ಆಂಡ್ರೂ ಟಾರ್ವಿ ಅಂದ್ರೆ ನಿಮ್ಮ ಯಜಮಾನ್ರೇ ಅಲ್ವಾ? ಅಂಗಡೀಲಿ ಈ ಮನೆ ತೋರಿಸಿದ್ರು” ಎಂದ.

ನಾನು ಹೌದು ಎಂದೆ.

ನೀನು ಮಾಲೇಗ್‌ನಲ್ಲಿಲ್ಲ ಎಂದು ನನಗೆ ಗೊತ್ತಿತ್ತು. ನೀನಲ್ಲದಿದ್ದರೆ ನಲವತ್ತೊಂದರ ಆಂಡ್ರೂ ಟಾರ್ವಿ ಇನ್ನೊಬ್ಬನೇ, ಬಿಸ್ಕತ್ತು. ನಿನ್ನ ತಿಂಗಳಲ್ಲೇ ಹುಟ್ಟಿದವನು, ನಿನ್ನ ಬೆಂಚಿನಲ್ಲೇ ಕೂತವನು. ಬಿಸ್ಕತ್ತು ಇದ್ದ ದೋಣಿ ಸ್ಟಾರ್ನೊವೇ ಕಡೆ ಇದೆ ಎಂದು ಊರೆಲ್ಲ ತಿಳಿದಿತ್ತು. ಎಂಜಿನ್ ಕೆಟ್ಟು ಮಾಲೇಗ್ ಸೇರಿದ್ದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸತ್ತವನು ಅವನೇ ಎಂದು ನನಗೆ ಮೆಕ್ರೇ ಮಾತು ಮುಗಿಸುವ ಮೊದಲೇ ಹೊಳೆದಿತ್ತು. ಆದರೂ ಹೌದು ಎಂದೆ. ನಾಲ್ಕು ವರ್ಷದಿಂದ ಹೇಳಿ ಹೇಳಿ ಬಾಯಿಗೆ ರೂಢಿಯಾಗಿದ್ದ ಮಾತು, ತಾನಾಗಿ ಬಂತು.

ಮೊದಲು ಬಂದವಳು ಇಸಬೆಲ್. ಗೋಡೆಯಾಚೆಯ ಮನೆ, ಮೆಕ್ರೇ ದನಿ ಕೇಳಿಸಿರಬೇಕು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದು ನನ್ನ ಪಕ್ಕ ಕೂತಳು. ಮೆಕ್ರೇ ಅವಳಿಗೂ ಇನ್ನೊಮ್ಮೆ ಎಲ್ಲ ಹೇಳಿದ. ಅವಳು ಕೈ ಒರೆಸಿಕೊಂಡು ಎದ್ದು, ಸಾವಾದಾಗ ಮಾಡುವಂತೆ ಕಿಟಕಿಯ ಪರದೆಗಳನ್ನು ಎಳೆದಳು. ಆಮೇಲೆ ಹೊರಗೆ ಹೋಗಿ ತನ್ನ ಮನೆಯ ಪರದೆಗಳನ್ನೂ ಎಳೆದು ಬಂದಳು. ಬೀದಿಯಲ್ಲಿ ಎಲ್ಲರೂ ಎಳೆದರು. ನಡುಹಗಲಲ್ಲಿ ಬೀದಿ ಬೀದಿಯೇ ನಿನಗಾಗಿ ಕತ್ತಲಾಯಿತು, ಆಂಡ್ರೂ. ನೀನು ಆಗ ಅಲ್ಲಿ ಊಟ ಮಾಡುತ್ತಿದ್ದೆಯೋ ಏನೋ.

ಬಾಯಿ ಬಿಟ್ಟರೆ ನನ್ನ ಸುಳ್ಳು ಬಯಲಾಗುತ್ತಿತ್ತು, ಅದೇನು ದೊಡ್ಡದಲ್ಲ. ಆದರೆ ಇಸಬೆಲ್ ಮುಖ ನೋಡಿ, ಸತ್ತದ್ದು ನನ್ನವನಲ್ಲ ಕಣೇ, ನಿನ್ನವನು ಎಂದು ನಾನೇ ಹೇಳಬೇಕಿತ್ತು. ಈ ಮಾತು ಹೇಳುತ್ತೇನೆ, ಹೇಳುತ್ತೇನೆ ಎಂದು ಕೂತೆ. ಹೆಂಗಸರು ಬಂದು ತುಂಬಿದರು. ಯಾರೋ ಕನ್ನಡಿಯನ್ನು ಗೋಡೆಗೆ ತಿರುಗಿಸಿದರು. ಯಾರೋ ಬಾರ್ಲಿ ಸೂಪು ತಂದಿಟ್ಟರು. ಇಸಬೆಲ್ ಟೀ ಮಾಡಿದಳು, ಕಪ್ಪು ತೊಳೆದಳು, ಮತ್ತೆ ಟೀ ಮಾಡಿದಳು. ನಿನ್ನ ಕರಿ ಸೂಟು ಹುಡುಕಿ ಹಲ್ಲುಜ್ಜುವ ಬ್ರಷ್‌ನಿಂದ ಕಾಲರ್ ಉಜ್ಜಿದಳು. ಒಮ್ಮೆ ನನ್ನ ಕೈ ಹಿಡಿದುಕೊಂಡು, “ಅಳು ಬಂದ್ರೆ ಅತ್ತುಬಿಡು ಕಣೇ, ತಡೀಬೇಡ” ಎಂದಳು. ನನಗೆ ಅಳು ಬರಲಿಲ್ಲ. ಅವಳ ಕೈ ಒದ್ದೆಯಾಗಿತ್ತು, ಬೆಚ್ಚಗಿತ್ತು ಎನ್ನುವುದಷ್ಟೇ ಗೊತ್ತಾಯಿತು.

ಆಮೇಲೆ ಬಡಗಿ ಜಾರ್ಜ್ ಬಂದ. ಪೆಟ್ಟಿಗೆಯನ್ನು ತಾನೇ ಮಾಡುತ್ತೇನೆ, ವ್ಯಾನಿನಲ್ಲಿ ಮಾಲೇಗ್‌ಗೆ ಒಯ್ದು ಕರೆತರುತ್ತೇನೆ ಎಂದು. “ಎತ್ತರ ಎಷ್ಟಮ್ಮಾ?” ಎಂದ. ನೀನು ಐದೂವರೆ ಅಡಿ. ನಾನು ಆರಡಿ ಎರಡಿಂಚು ಎಂದೆ. ಬಿಸ್ಕತ್ತಿಗೆ ಪೆಟ್ಟಿಗೆ ಚಿಕ್ಕದಾಗಬಾರದಲ್ಲ. “ಸೀಟಿ ಅಷ್ಟು ಎತ್ತರ ಇದ್ನಾ?” ಎಂದು ಜಾರ್ಜ್ ತಲೆ ಕೆರೆದ. ಮ್ಯಾಗಿ ಅಜ್ಜಿ ಅವನನ್ನು ಗದರಿದಳು. “ಗಂಡನ ಉದ್ದ ಹೆಂಡ್ತಿಗೆ ಗೊತ್ತೋ ನಿಂಗೆ ಗೊತ್ತೋ? ಹೇಳಿದಷ್ಟು ಬರ್ಕೊ.” ಇಸಬೆಲ್ ಬೆನ್ನು ತಿರುಗಿಸಿಕೊಂಡು ಕಪ್ಪು ಒರೆಸುತ್ತಿದ್ದಳು.

ಸಂಜೆ ಪಾದ್ರಿಗಳು ಬಂದರು. ಬಿಸ್ಕತ್ತು ಇದ್ದ ದೋಣಿಯ ಯಜಮಾನ, ನಮ್ಮ ಡಾಲರ್ ಜೋ, ಮಾಲೇಗ್‌ನಿಂದ ಅವರಿಗೆ ಫೋನ್ ಮಾಡಿ, ಬಿಸ್ಕತ್ತಿನ ಹೆಂಡತಿ ಹೇಗಿದ್ದಾಳೆ ಎಂದು ಕೇಳಿದ್ದನಂತೆ. ಅವರು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದರು, ಸಿಂಕಿನ ಹತ್ತಿರ ಇದ್ದ ಇಸಬೆಲ್‌ಳನ್ನು ನೋಡಿದರು, ಮತ್ತೆ ನನ್ನನ್ನೇ ನೋಡಿದರು. ಇಸಬೆಲ್‌ಳೇ ಬಟ್ಟೆ ಮಡಚಿಟ್ಟು, “ಹೇಳಿ” ಎಂದಳು. ಅವರು ಹೇಳಿದರು. ನಾನು ಎದ್ದೆ, ನಾನೆದ್ದ ಕುರ್ಚಿಯಲ್ಲಿ ಮ್ಯಾಗಿ ಅಜ್ಜಿ ಅವಳನ್ನು ಕೂರಿಸಿದಳು. ಹೆಂಗಸರೆಲ್ಲ ಇದ್ದಲ್ಲೇ ಇದ್ದು ಮುಖ ಮಾತ್ರ ಅತ್ತ ತಿರುಗಿಸಿದರು. ಸೂಪನ್ನು ಅವಳಿಗೆ ಬಡಿಸಿದರು.

ಮಾರನೆಯ ದಿನ ಮೆಕ್ರೇ ಎರಡೂ ಮನೆಗೆ ಬಂದು ಅತ್ತ. ಫೋನಿನಲ್ಲಿ ಅವನಿಗೆ ಪೂರ್ತಿ ಹೇಳಿದ್ದರಂತೆ, ಬಿಸ್ಕತ್ತು ಆಂಡ್ರೂ ಟಾರ್ವಿ ಎಂದೇ. “ಸತ್ತೋರನ್ನ ಬಿಸ್ಕತ್ತು ಅಂತ ಹೇಗೆ ಕರೀಲಿ, ಮರ್ಯಾದೆ ಅಲ್ಲ ಅನ್ನಿಸ್ತು, ಅದನ್ನ ಬಿಟ್ಬಿಟ್ಟೆ” ಎಂದ. ಅವನ ಮೇಲೆ ಯಾರಿಗೂ ಸಿಟ್ಟಿಲ್ಲ. ನಮ್ಮಲ್ಲಿ ಮರ್ಯಾದೆಯ ಹೆಸರಿನಿಂದ ಯಾರು ಯಾರೆಂದು ತಿಳಿಯುವುದಿಲ್ಲ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಅಡ್ಡಹೆಸರು ಬರೆದುಕೊಂಡಿದ್ದ ಇಂಗ್ಲೆಂಡಿನ ಆ ಮೇಷ್ಟ್ರಾದರೂ ತಪ್ಪುತ್ತಿರಲಿಲ್ಲ.

ನಿನ್ನೆ ಮಣ್ಣು ಮಾಡಿದೆವು. ಪೆಟ್ಟಿಗೆ ಸರಿಯಾಗಿತ್ತು.

ನನಗೆ ಈಗಲೂ ಏನೂ ಅನ್ನಿಸುತ್ತಿಲ್ಲ. ನೀನು ಸತ್ತಾಗಲೂ ಅನ್ನಿಸಲಿಲ್ಲ, ನೀನು ಸತ್ತಿಲ್ಲವೆಂದು ಗೊತ್ತಿದ್ದದ್ದರಿಂದ ಎಂದುಕೊಂಡೆ. ಬಿಸ್ಕತ್ತು ಸತ್ತಾಗಲೂ ಅನ್ನಿಸಲಿಲ್ಲ. ಚಿಕ್ಕಂದಿನಲ್ಲಿ ನನ್ನ ಜಡೆಗೆ ಮೀನಿನ ಬಾಲ ಕಟ್ಟಿದವನು. ನಿದ್ದೆ ಬರುತ್ತದೆ, ಹಸಿವಾಗುತ್ತದೆ, ಮೀನು ಹೊಗೆಗೆ ಕಟ್ಟುತ್ತೇನೆ. ಒಂದೇ ಒಂದಕ್ಕೆ ಮಾತ್ರ ಹೆದರಿಕೆ ಇದೆ. ಅದಕ್ಕಾಗಿಯೇ ನಿನ್ನ ಕೋರಿಕೆಗೆ ಇಲ್ಲ ಎನ್ನುತ್ತಿದ್ದೇನೆ.

ನಾನು ವಕೀಲರ ಬಳಿ ಹೋದರೆ, ನೀನು ನಾಲ್ಕು ವರ್ಷದಿಂದ ಫ್ಲೀಟ್‌ವುಡ್‌ನಲ್ಲಿದ್ದೀಯ, ಅದು ನನಗೆ ಗೊತ್ತು ಎಂದು ಹೇಳಬೇಕು. ಒಬ್ಬ ಸಾಕ್ಷಿಯೂ ಬೇಕಂತೆ. ವಾರದೊಳಗೆ ಊರಿಗೆ ತಿಳಿಯುತ್ತದೆ. ಆಗ ಇಸಬೆಲ್‌ಗೆ ಗೊತ್ತಾಗುತ್ತದೆ, ನನಗೆ ಆ ದಿನ ಮೊದಲಿಂದಲೂ ತಿಳಿದಿತ್ತು, ಅವಳ ಕೈಯಲ್ಲಿ ಟೀ ಮಾಡಿಸಿಕೊಂಡು ಸುಮ್ಮನೆ ಕೂತಿದ್ದೆ ಎಂದು. ಈ ಬೀದಿಯಲ್ಲಿ ನನಗೆ ಉಳಿದಿರುವವಳು ಅವಳೊಬ್ಬಳು. ನಿನ್ನನ್ನು ಕಳೆದುಕೊಂಡಾಯಿತು, ಅವಳನ್ನು ಕಳೆದುಕೊಳ್ಳಲಾರೆ. ಆದ್ದರಿಂದ ಊರಿನ ಪಾಲಿಗೆ ನೀನು ಮಾಲೇಗ್‌ನಲ್ಲೇ ಇರಬೇಕು. ಫ್ಲೀಟ್‌ವುಡ್‌ನಲ್ಲಿ ನಿನ್ನ ಜೊತೆಗಿರುವ ಹೆಂಗಸಿಗೆ ಏನು ಹೇಳುತ್ತೀಯೋ ಹೇಳು. ಅವಳಿಗೆ ನಿನ್ನ ಹೆಸರು ಬರೆಯಲು ಬರುತ್ತದೆ ಎಂದುಕೊಂಡಿದ್ದೇನೆ.

ನಿನಗೆ ನನ್ನಿಂದ ಬಿಡುಗಡೆ ಸಿಕ್ಕಿದರೂ ನನಗೆ ನಿನ್ನ ಹೆಸರಿನಿಂದ ಸಿಗುವುದಿಲ್ಲ ನೋಡು. ಗಂಡನದನ್ನು ಬಿಟ್ಟು ಅಪ್ಪನದಕ್ಕೆ ಹೋದರೂ ಅದೇ.

ಹುಟ್ಟಿನಿಂದ ಟಾರ್ವಿ, ಮದುವೆಯಿಂದಲೂ ಟಾರ್ವಿ,
ಎಲ್ಸಿ

ಮರೆತ ಮಾತು: ಇದನ್ನು ಲಕೋಟೆಗೆ ಹಾಕಿ ವಿಳಾಸ ಬರೆಯದೆ ಮೇಜಿನ ಮೇಲಿಟ್ಟಿದ್ದೆ. ಇವತ್ತು ಮಧ್ಯಾಹ್ನ ಇಸಬೆಲ್ ಬಂದಳು. ಲಕೋಟೆ ನೋಡಿ, “ಫ್ಲೀಟ್‌ವುಡ್‌ಗಾ? ಬಿಸ್ಕತ್ತು ಹೋದ ಅಂತ ಅವನಿಗೂ ಬರೆದೆ ತಾನೆ?” ಎಂದಳು. ಎರಡು ವರ್ಷದ ಕೆಳಗೆ ಬಿಸ್ಕತ್ತು ನಿನ್ನನ್ನು ಅಲ್ಲಿ ಕಂಡಿದ್ದನಂತೆ. ಯಾರಿಗೂ ಹೇಳಬೇಡ ಎಂದು ನೀನು ಕೇಳಿಕೊಂಡೆಯಂತೆ. ಹೆಂಡತಿಗೆ ಮಾತ್ರ ಹೇಳಿದ್ದಾನೆ. ಹಾಗಾದರೆ ಮಂಗಳವಾರ, ಮೆಕ್ರೇ ಮಾಲೇಗ್ ಎಂದಾಗಲೇ ನಿನಗೆ ಗೊತ್ತಾಗಿತ್ತೇನೇ ಎಂದು ಕೇಳಿದೆ. “ಗೊತ್ತಾಯ್ತು. ನಿಂಗೂ ಗೊತ್ತಾಗಿದೆ ಅಂತಾನೂ ಗೊತ್ತಾಯ್ತು. ನೀನೆಲ್ಲಿ ಬಾಯಿಬಿಡ್ತೀಯೋ ಅಂತ ಸಂಜೆವರೆಗೂ ಹೆದರ್ಕೊಂಡಿದ್ದೆ. ಅಷ್ಟು ಹೊತ್ತಾದ್ರೂ ಸತ್ತೋನು ನಿನ್ನ ಗಂಡ ಆಗಿದ್ನಲ್ಲೇ” ಎಂದಳು. ಆಮೇಲೆ ನಾನು ಅತ್ತೆ, ಆಂಡ್ರೂ. ಅವಳೂ ಅತ್ತಳು. ಗುರುವಾರ ವಕೀಲರನ್ನು ಕಾಣಲು ಬ್ಯಾನ್ಫ್‌ಗೆ ಹೋಗುತ್ತಿದ್ದೇವೆ, ಸಾಕ್ಷಿಗೆ ಅವಳೇ ಬರುತ್ತಾಳೆ.